ಒಂದೇ ಕಡೆ ತೋಟಾ ಚೀಲ: ಜರ್ಮನ್ ಸೇನೆಯ ಹಿಂಬದಿ ಸಿಪಾಯಿಗೆ ಸಿಕ್ಕಿದ್ದೇನು?

ಎರಡನೇ ಮಹಾಯುದ್ಧದ ಜರ್ಮನ್ ಸಿಪಾಯಿಗಳ ಹಳೆಯ ಫೋಟೋ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮುಖ ಬಿಟ್ಟು ಸೊಂಟ ನೋಡಿ. ಬಕಲ್ಲಿನ ಎಡಕ್ಕೂ ಬಲಕ್ಕೂ ಮೂರು ಮೂರು ಪುಟ್ಟ ಚರ್ಮದ ಚೀಲಗಳು ಸಾಲಾಗಿ ಕೂತಿದ್ದರೆ ಆತ ಮುಂಚೂಣಿಯ ಕಾಲಾಳು. ಒಂದೊಂದು ಚೀಲದಲ್ಲಿ 10 ತೋಟಾ, ಎರಡೂ ಕಡೆ ಸೇರಿ 60. ಚೀಲ ಒಂದೇ ಕಡೆ ಇದ್ದು ಇನ್ನೊಂದು ಕಡೆ ಬರೀ ಬೆಲ್ಟು ಕಂಡರೆ ಆತ ಬಹುಮಟ್ಟಿಗೆ ಹಿಂಬದಿಯವನು. ಕುದುರೆಗಾಡಿ ಹೊಡೆಯುವವನೋ, ಬ್ರೆಡ್ಡು ಸುಡುವವನೋ, ಕಚೇರಿಯಲ್ಲಿ ಟೈಪ್ ಮಾಡುವವನೋ, ರೈಲು ಸೇತುವೆ ಕಾಯುವವನೋ ಇರಬೇಕು. ಇವನಿಗೆ 30 ತೋಟಾ ಸಾಕು ಎಂದು ಸೇನೆ ಲೆಕ್ಕ ಹಾಕಿತ್ತು.

ಈ ಒಂದು ಚೀಲದ ಲೆಕ್ಕ ತಲೆಯಲ್ಲಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಯುದ್ಧದ ಪುಸ್ತಕಗಳಲ್ಲಿ ಟ್ಯಾಂಕು, ವಿಮಾನ, ಸೇನಾಧಿಪತಿಗಳ ಜಾಣತನ ಬೇಕಾದಷ್ಟು ಸಿಗುತ್ತದೆ. ಆದರೆ ಇರುವ ಚರ್ಮ, ಉಣ್ಣೆ, ಕಬ್ಬಿಣ ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ ಎನ್ನುವುದು ಬಟ್ಟೆ ಉಗ್ರಾಣದ ಪಟ್ಟಿಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಹಿಂಬದಿ ಅಂದರೆ ಎಲ್ಲಿ?

ಹಿಂಬದಿ ಎಂದರೆ ನಕ್ಷೆಯ ಮೇಲೆ ಎಳೆದ ಒಂದು ಗೆರೆಯಲ್ಲ, ಅದರಲ್ಲೂ ಹಲವು ಪದರಗಳಿವೆ. ಪ್ರತಿ ಕಾಲಾಳು ಕಂಪನಿಯ ಬೆನ್ನಿಗೇ ಅದರ ಸ್ವಂತ ಸರಂಜಾಮು ದಂಡು ಇರುತ್ತಿತ್ತು. ಜರ್ಮನ್ನರು ಅದನ್ನು 'ಟ್ರೋಸ್' ಎನ್ನುತ್ತಿದ್ದರು. ಮದ್ದುಗುಂಡಿನ ಗಾಡಿ, ರಸದ್ದಿನ ಗಾಡಿ, ಸಿಪಾಯಿಗಳ ಬೆನ್ನುಚೀಲ ಹೊರುವ ಗಾಡಿ, ಜೊತೆಗೆ ಗಾಲಿಯ ಮೇಲೆ ಸಾಗುವ ಅಡುಗೆ ಒಲೆ. ಆ ಒಲೆಯ ಹೊಗೆಕೊಳವೆ ಫಿರಂಗಿ ನಳಿಗೆಯಂತೆ ನೆಟ್ಟಗೆ ನಿಲ್ಲುತ್ತಿದ್ದರಿಂದ ಅದಕ್ಕೆ 'ಗೂಲಾಷ್ ಫಿರಂಗಿ' ಎಂಬ ಅಡ್ಡಹೆಸರು ಅಂಟಿಕೊಂಡಿತ್ತು (ಗೂಲಾಷ್ ಎಂದರೆ ಮಾಂಸದ ಗಟ್ಟಿ ಸಾರು). ಇನ್ನೂ ಹಿಂದಕ್ಕೆ ಹೋದರೆ ಡಿವಿಷನ್ನಿಗೆ ಸೇರಿದ ಬೇಕರಿ ಕಂಪನಿ, ಕಸಾಯಿಗಳ ತುಕಡಿ, ಕುದುರೆ ಆಸ್ಪತ್ರೆ, ಅಂಚೆ. ಅದಕ್ಕೂ ಹಿಂದೆ ರೈಲು ಹಳಿ, ಉಗ್ರಾಣ, ಸೆರೆಯಾಳು ಶಿಬಿರ ಕಾಯುವ 'ಲಾಂಡೆಸ್‌ಶ್ಯುಟ್ಸೆನ್' ಬೆಟಾಲಿಯನ್‌ಗಳು. ಇವುಗಳಲ್ಲಿ ಮೂವತ್ತೈದು ದಾಟಿದವರು, ನಲವತ್ತರ ಆಸುಪಾಸಿನವರೇ ಹೆಚ್ಚು. ಎಷ್ಟೋ ಮಂದಿ ಮೊದಲನೇ ಮಹಾಯುದ್ಧದಲ್ಲಿ ಒಮ್ಮೆ ಕಾದಾಡಿ ಬಂದು, ಸಂಸಾರ ಹೂಡಿ, ಹೊಟ್ಟೆ ಬಿಟ್ಟುಕೊಂಡು ಕೂತಿದ್ದಾಗ ಮತ್ತೆ ಕರೆ ಬಂದು ಹೊರಟವರು.

ಮುಂಚೂಣಿಯವರಿಗೆ ಇವರನ್ನು ಕಂಡರೆ ಅಷ್ಟಕ್ಕಷ್ಟೆ. ಮೊದಲನೇ ಯುದ್ಧದಿಂದಲೂ ಹಿಂಬದಿಗೆ 'ಎಟಾಪೆ' ಎಂಬ ಹೆಸರು, ಅಲ್ಲಿರುವವನಿಗೆ 'ಎಟಾಪೆಯ ಹಂದಿ' ಎಂಬ ಬೈಗುಳ. ನಾವು ಕೆಸರಿನಲ್ಲಿ ಸಾಯುತ್ತಿದ್ದೇವೆ, ಅವರು ಅಲ್ಲಿ ಬೆಚ್ಚಗೆ ಮಲಗಿ ನಮ್ಮ ಪಾಲಿನ ಸಿಗರೇಟು ಸೇದುತ್ತಿದ್ದಾರೆ ಎಂಬ ಹೊಟ್ಟೆಕಿಚ್ಚು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಎದೆಯ ಜೇಬಿನ ಲೆಕ್ಕ

ಪ್ರತಿ ಜರ್ಮನ್ ಸಿಪಾಯಿಯ ಜೇಬಿನಲ್ಲೂ 'ಸೋಲ್ಡ್‌ಬೂಖ್' ಎಂಬ ಪುಟ್ಟ ಪುಸ್ತಕ ಇರಲೇಬೇಕಿತ್ತು. ಹೆಸರಿಗೆ ಅದು ಸಂಬಳದ ಪುಸ್ತಕ. ಅಸಲಿಗೆ ಗುರುತುಚೀಟಿ, ಆಸ್ಪತ್ರೆ ಕಾರ್ಡು, ರಜೆ ಚೀಟಿ, ಸಾಮಾನಿನ ಲೆಕ್ಕ ಎಲ್ಲವೂ ಅದೇ. ನಮ್ಮಲ್ಲಿ ರೇಷನ್ ಕಾರ್ಡು ಹೇಗೆ ಸೀಮೆಎಣ್ಣೆ ಲೆಕ್ಕದಿಂದ ಶುರುವಾಗಿ ಕೊನೆಗೆ ಮನೆಯವರ ಇರವಿಗೇ ಸಾಕ್ಷಿಯಾಯಿತೋ ಹಾಗೆ.

ಅದರಲ್ಲಿ ಬಟ್ಟೆಗೆಂದೇ ಎದುರುಬದುರು ಎರಡು ಪುಟ. ಟೋಪಿ, ಮೇಲಂಗಿ, ಪ್ಯಾಂಟು, ದೊಡ್ಡ ಕೋಟು, ಬೂಟು, ಅಂಗಿ, ಒಳಚಡ್ಡಿ, ಕಾಲಿಗೆ ಸುತ್ತುವ ಬಟ್ಟೆ ಎಂದು ಒಂದೊಂದಕ್ಕೂ ಒಂದು ಕಿರಿದಾದ ಮನೆ. ಕೊಟ್ಟ ತಾರೀಕು ಹಾಕಿ, ಎಷ್ಟು ಕೊಟ್ಟರೆಂದು ಬರೆದು, ಸಹಿ. ಆಯುಧಕ್ಕೆ, ಇತರ ಸಲಕರಣೆಗೆ ಬೇರೆ ಪುಟಗಳು. ರೈಫಲ್ಲಿನ ಮೇಲೆ ಕೊರೆದ ನಂಬರು, ವಿಷಾನಿಲ ಮುಖವಾಡದ ಅಳತೆ, ಕನ್ನಡಕ ಇದ್ದರೆ ಅದರ ಲೆಕ್ಕ, ಎಲ್ಲವೂ ಅಲ್ಲಿ. ಕನ್ನಡಕದ ವಿಷಯ ಹಿಂಬದಿಯವರ ಮಟ್ಟಿಗೆ ಸಣ್ಣದಲ್ಲ, ನಲವತ್ತರ ಆಸುಪಾಸಿನವರೇ ತುಂಬಿದ ಪಡೆ ಅದು. ಮುಖವಾಡದ ಒಳಗೆ ಮಾಮೂಲಿ ಕನ್ನಡಕದ ಕಡ್ಡಿ ತೂರಿಸಿದರೆ ಸಂದಿಯಿಂದ ಗಾಳಿ ನುಗ್ಗುತ್ತದೆ. ಅದಕ್ಕಾಗಿ ಕಿವಿಯ ಕಡೆ ಚಪ್ಪಟೆ ಪಟ್ಟಿ ಇರುವ ಪ್ರತ್ಯೇಕ ಕನ್ನಡಕವನ್ನು ಸಣ್ಣ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು.

ಈ ಸಾಮಾನೆಲ್ಲ ಬರುತ್ತಿದ್ದುದು ತುಕಡಿಯ ಬಟ್ಟೆ ಉಗ್ರಾಣದಿಂದ. ಉಗ್ರಾಣಕ್ಕೊಬ್ಬ ಹವಾಲ್ದಾರ. ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರ ಮಾತು ವರನ ಅಪ್ಪನ ಮಾತಿಗಿಂತ ಹೆಚ್ಚು ನಡೆಯುವುದನ್ನು ನೋಡಿದ್ದೀರಲ್ಲ? ಇಲ್ಲೂ ಅದೇ ಕತೆ. ಅಳತೆ ಸರಿಯಿರುವ ಬೂಟು ಬೇಕಿದ್ದರೆ ಕ್ಯಾಪ್ಟನ್ನನಿಗಿಂತ ಈ ಹವಾಲ್ದಾರನ ಮರ್ಜಿ ಮುಖ್ಯ.

ಮೇಲಂಗಿಯ ಒಳಬಟ್ಟೆ ತಿರುಗಿಸಿದರೆ ಮಸಿಯಲ್ಲಿ ಒತ್ತಿದ ಐದು ಅಂಕಿ ಕಾಣುತ್ತವೆ. ಬೆನ್ನಿನ ಉದ್ದ, ಕತ್ತಿನ ಸುತ್ತಳತೆ, ನಡುವೆ ಎದೆಯ ಸುತ್ತಳತೆ, ಕೆಳಗೆ ಅಂಗಿಯ ಒಟ್ಟು ಉದ್ದ, ತೋಳಿನ ಉದ್ದ, ಎಲ್ಲ ಸೆಂಟಿಮೀಟರ್‌ನಲ್ಲಿ. ಪಕ್ಕದಲ್ಲಿ ಒಂದು ಅಕ್ಷರ, ಒಂದು ವರ್ಷ. 'ಬಿ 40' ಎಂದರೆ ಬರ್ಲಿನ್ ಸೇನಾ ಬಟ್ಟೆ ಡಿಪೋ, 1940. 'ಇ' ಇದ್ದರೆ ಎರ್ಫುರ್ಟ್, 'ಎಂ' ಇದ್ದರೆ ಮ್ಯೂನಿಕ್. ಕೆಲವು ಅಂಗಿಗಳಲ್ಲಿ ಹಳೆಯ ಮುದ್ರೆಯ ಮೇಲೆ ಗೀಟು ಹೊಡೆದು ಹೊಸ ಮುದ್ರೆ ಒತ್ತಿರುತ್ತದೆ. ಒಬ್ಬ ತೊಟ್ಟು ಬಿಟ್ಟದ್ದು ಒಗೆಸಿಕೊಂಡು, ತೇಪೆ ಹಾಕಿಸಿಕೊಂಡು ಇನ್ನೊಬ್ಬನ ಮೈ ಸೇರಿದ್ದರ ಗುರುತು ಅದು. ಮೊದಲು ತೊಟ್ಟವನು ಏನಾದ ಎಂದು ಕೇಳುವ ಪದ್ಧತಿ ಇರಲಿಲ್ಲ. ಹೊಸ ಸಾಮಾನು ಮೊದಲು ಮುಂಚೂಣಿಗೆ ಹೋಗುತ್ತಿತ್ತು, ಹೀಗೆ ತೇಪೆ ಹಾಕಿದ್ದು ಹಿಂಬದಿಯ ಪಾಲು.

ಉಣ್ಣೆ ತೆಳುವಾದ ಬಗೆ

ಸಮವಸ್ತ್ರದ ಬಣ್ಣದ ಮಾತು ಬಂದರೆ ಮಂಗಳೂರಿನವರು ಸುಮ್ಮನಿರುವುದಿಲ್ಲ. ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಮಿಷನರಿ 1850ರ ದಶಕದಲ್ಲಿ ಖಾಕಿ ಬಟ್ಟೆ ತೆಗೆದ ಕತೆ ಅಲ್ಲಿ ಬಹಳ ಜನರಿಗೆ ಬಾಯಿಪಾಠ. ಜರ್ಮನ್ ಸೇನೆ ತನಗೆಂದು ಆರಿಸಿಕೊಂಡದ್ದು ಬೇರೆ ಬಣ್ಣ, 'ಫೆಲ್ಡ್‌ಗ್ರಾವ್'. ಹೆಸರಿನ ಅರ್ಥ ರಣಭೂಮಿಯ ಬೂದಿ, ಕಣ್ಣಿಗೆ ಕಾಣುವುದು ಬೂದುಹಸಿರು. 20ನೇ ಶತಮಾನದ ಮೊದಲ ದಶಕದಲ್ಲಿ ಪ್ರಷ್ಯಾದ ಹಳೆಯ ಕಡುನೀಲಿ ಬಿಟ್ಟು ಅವರು ಇದಕ್ಕೆ ಬಂದರು.

ಯುದ್ಧಕ್ಕೆ ಮುಂಚೆ ಹೊಲಿದ 1936ರ ಮಾದರಿಯ ಮೇಲಂಗಿಯನ್ನು ಯಾವ ಟೈಲರ್ ಆದರೂ ಮೆಚ್ಚಬೇಕು. ಒಳ್ಳೆಯ ಉಣ್ಣೆ, ಕಡುಹಸಿರು ಕಾಲರ್, ನಾಲ್ಕು ಜೇಬು, ಒಂದೊಂದು ಜೇಬಿನ ನಡುವೆ ನೆರಿಗೆ, ಮುಚ್ಚಳಕ್ಕೆ ಬಾಗಿದ ಅಂಚು. ಯುದ್ಧ ಮುಂದುವರಿದಂತೆ ಇವೆಲ್ಲ ಒಂದೊಂದಾಗಿ ಕಳಚಿದವು. 1940ರಲ್ಲಿ ಕಾಲರಿನ ಕಡುಹಸಿರು ಹೋಯಿತು. 1941ರಲ್ಲಿ ಮುಂದಿನ ಗುಂಡಿ ಐದರಿಂದ ಆರಾಯಿತು. ಇದು ಉದಾರತನವಲ್ಲ. ಬಟ್ಟೆ ಎಷ್ಟು ಸಡಿಲವಾಗಿತ್ತೆಂದರೆ ಐದೇ ಗುಂಡಿಗೆ ಅದು ಮೈಮೇಲೆ ನಿಲ್ಲುತ್ತಿರಲಿಲ್ಲ. ಮರುವರ್ಷ ಜೇಬಿನ ನೆರಿಗೆ ಹೋಯಿತು, ಅದರ ಮರುವರ್ಷ ಮುಚ್ಚಳದ ಅಂಚು ನೇರವಾಯಿತು. 1944ರಲ್ಲಿ ಸೊಂಟದ ಕೆಳಗಿನ ಭಾಗವೇ ಮಾಯವಾಗಿ, ಬ್ರಿಟಿಷರ ಗಿಡ್ಡ ಜಾಕೆಟ್ಟಿನ ತಮ್ಮನಂತಹ ಅಂಗಿ ಬಂತು. ಒಂದು ಅಂಗಿಯಲ್ಲಿ ಉಳಿತಾಯವಾದದ್ದು ಅಂಗೈಯಗಲದ ಬಟ್ಟೆ. ಲಕ್ಷಗಟ್ಟಲೆ ಅಂಗಿ ಹೊಲಿಯುವವನಿಗೆ ಅದು ಗುಡ್ಡದಷ್ಟಾಗುತ್ತದೆ.

ಹೊರಗೆ ಕಾಣದ ಬದಲಾವಣೆ ನೂಲಿನಲ್ಲಿತ್ತು. ಉಣ್ಣೆಯ ಜೊತೆ 'ಟ್ಸೆಲ್‌ವೊಲೆ' ಎಂಬ ಮರದ ತಿರುಳಿನ ನಾರನ್ನೂ ಹಳೆಯ ಚಿಂದಿ ಬಿಡಿಸಿದ ನೂಲನ್ನೂ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಬೆರೆಸಿದರು. ಒಳ್ಳೆಯ ಕಂಬಳಿ ಮಳೆಯಲ್ಲಿ ನೆಂದರೂ ಒಳಗೆ ಬೆಚ್ಚಗಿರುತ್ತದೆ ಎನ್ನುವುದು ಮಲೆನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ಗುಣ ಉಣ್ಣೆಯದು. ಮರದ ನಾರಿಗೆ ಅದಿಲ್ಲ. ನೆಂದರೆ ಭಾರವಾಗುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಇದೂ ಸಾಲದಾದಾಗ ಹಿಡಿದ ದೇಶಗಳ ಗೋದಾಮಿಗೆ ಕೈ ಹಾಕಿದರು. 1943ರಲ್ಲಿ ಇಟಲಿ ಶರಣಾದ ಮೇಲೆ ಅಲ್ಲಿನ ಸೇನೆಯ ಬೂದುಹಸಿರು ಥಾನುಗಳಲ್ಲಿ ಜರ್ಮನ್ ಅಂಗಿ ಹೊಲಿಸಿದರು. ರಸ್ತೆ, ಬಂಕರು ಕಟ್ಟುವ ಟೋಟ್ ಸಂಸ್ಥೆಯ ಕೆಲಸಗಾರರು ಜೆಕ್ ಸೇನೆಯ ದಾಸ್ತಾನಿನ ಕಂದುಬಣ್ಣದ ಬಟ್ಟೆಯ ಮೇಲೆ ತೋಳುಪಟ್ಟಿ ಕಟ್ಟಿ ತಿರುಗುತ್ತಿದ್ದರು.

ಆದರೆ ಹಿಂಬದಿಯವನ ನಿತ್ಯದ ಉಡುಪು ಈ ಉಣ್ಣೆಯ ಅಂಗಿ ಆಗಿರಲಿಲ್ಲ, 'ಡ್ರಿಲ್ಲಿಶ್' ಆಗಿತ್ತು. ಒರಟು ಬಟ್ಟೆಯ ಸಡಿಲ ಅಂಗಿ, ಸಡಿಲ ಪ್ಯಾಂಟು. ಕುದುರೆಯ ಲದ್ದಿ ಬಾಚಲು, ಲಾರಿಯಡಿ ನುಸುಳಲು, ಆಲೂಗಡ್ಡೆ ಸುಲಿಯಲು ಇದೇ. ಶುರುವಿನಲ್ಲಿ ಬಣ್ಣ ಹಾಕದ ಮಾಸಲು ಬಿಳಿ ಇತ್ತು. ಆಕಾಶದಿಂದ ನೋಡಿದರೆ ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ, ಸಾಲದ್ದಕ್ಕೆ ಕೊಳೆಯೂ ಬೇಗ ಕಾಣುತ್ತದೆ. 1940ರಿಂದ ಅದು ಜೊಂಡುಹುಲ್ಲಿನ ಹಸಿರಾಯಿತು. ಬೇಸಿಗೆಯಲ್ಲಿ ಉಣ್ಣೆಗಿಂತ ಇದೇ ಹಿತವೆಂದು ಕಂಡುಕೊಂಡ ಮುಂಚೂಣಿಯವರೂ ಇದನ್ನೇ ತೊಟ್ಟು ಕಾದಾಡತೊಡಗಿದರು. ಕೊನೆಗೆ ಸೇನೆಯೇ ಇಂಥದೇ ಬಟ್ಟೆಯಲ್ಲಿ ನಾಲ್ಕು ಜೇಬಿನ ಬೇಸಿಗೆ ಸಮವಸ್ತ್ರ ಹೊಲಿಸಿತು. ಮೇಲಿನಿಂದ ಕೆಳಗಿಳಿಯುವುದೇ ರೂಢಿಯಾಗಿದ್ದ ಈ ಹಂಚಿಕೆಯಲ್ಲಿ ಕೆಳಗಿನಿಂದ ಮೇಲೆ ಹತ್ತಿದ್ದು ಇದೊಂದೇ ಇರಬೇಕು.

ಕಾಲಿಗೊಂದು ಚೌಕ ಬಟ್ಟೆ

ಜರ್ಮನ್ ಸಿಪಾಯಿ ಎಂದಕೂಡಲೇ ಕಣ್ಣ ಮುಂದೆ ಬರುವುದು ಉದ್ದ ಕಪ್ಪು ಬೂಟು. ಅದಕ್ಕೆ ಸಿಪಾಯಿಗಳು ಇಟ್ಟ ಹೆಸರು 'ಕ್ನೋಬೆಲ್‌ಬೆಖರ್', ದಾಳ ಕುಲುಕುವ ಬಟ್ಟಲು ಎಂದರ್ಥ. ಅಟ್ಟೆಗೆ 35ರಿಂದ 45 ಕಬ್ಬಿಣದ ಮೊಳೆ, ಹಿಮ್ಮಡಿಗೆ ಲಾಳದಂತಹ ಪಟ್ಟಿ. ಬೂಟಿನೊಳಗೆ ಕಾಲುಚೀಲ ಹಾಕುವವರೂ ಇದ್ದರು. ಆದರೆ ಹಳಬರ ನೆಚ್ಚಿನದು 'ಫುಸ್‌ಲಾಪೆನ್', ಸುಮಾರು 40 ಸೆಂಟಿಮೀಟರ್ ಚೌಕದ ಮೆತ್ತನೆಯ ಬಟ್ಟೆ ತುಂಡು.

ಅದನ್ನು ಕಟ್ಟುವುದಕ್ಕೆ ಕೈ ಪಳಗಬೇಕು. ಬಟ್ಟೆಯನ್ನು ನೆಲದ ಮೇಲೆ ಹಾಸಿ, ಹೆಬ್ಬೆರಳು ಒಂದು ಮೂಲೆಗೆ ಮುಖ ಮಾಡುವಂತೆ ಪಾದ ಓರೆಯಾಗಿ ಇಡಬೇಕು. ಮುಂದಿನ ಮೂಲೆಯನ್ನು ಬೆರಳುಗಳ ಮೇಲೆ ಮಡಚಿ, ಒಂದು ಬದಿಯನ್ನು ಪಾದದ ಮೇಲೆ ಎಳೆದು ಅಡಿಗೆ ಸಿಕ್ಕಿಸಬೇಕು. ಇನ್ನೊಂದು ಬದಿಯನ್ನು ಬಿಗಿಯಾಗಿ ಅದರ ಮೇಲೆ ತಂದು, ಹಿಂದೆ ಉಳಿದದ್ದನ್ನು ಹಿಮ್ಮಡಿಯ ಮೇಲಕ್ಕೆತ್ತಿ, ಕೈ ಬಿಡದೆ ಬೂಟಿನೊಳಗೆ ಕಾಲು ತೂರಿಸಬೇಕು. ಬೀಡಾ ಮಡಚುವಷ್ಟೇ ಕಸುಬಿನ ಕೆಲಸ. ಎಲ್ಲಾದರೂ ಒಂದು ಸುಕ್ಕು ಉಳಿದರೆ ಹತ್ತು ಕಿಲೋಮೀಟರ್ ನಡೆಯುವಷ್ಟರಲ್ಲಿ ಬೊಕ್ಕೆ ಗ್ಯಾರಂಟಿ. ಲಾಭವೂ ಇತ್ತು. ಕಾಲುಚೀಲದ ಹಿಮ್ಮಡಿ ತೂತಾದರೆ ಮುಗಿಯಿತು, ಚೌಕಕ್ಕೆ ಹಿಮ್ಮಡಿಯೇ ಇಲ್ಲ. ಇವತ್ತು ಈ ಕಡೆ, ನಾಳೆ ಆ ಕಡೆ. ಒಗೆದರೆ ಬೇಗ ಒಣಗುತ್ತದೆ.

ಚರ್ಮದ ಬರ ಯುದ್ಧದ ಮೊದಲ ವರ್ಷವೇ ಕಾಲಿಗೆ ತಟ್ಟಿತು. ಬೂಟಿನ ಕತ್ತು ಕೆಲವು ಸೆಂಟಿಮೀಟರ್ ಗಿಡ್ಡವಾಯಿತು. 1940-41ರ ಹೊತ್ತಿಗೆ ಉದ್ದ ಬೂಟು ಕಾಲಾಳು ಮುಂತಾದವರಿಗೆ ಮೀಸಲು, ಹಿಂಬದಿಯವರಿಗೆ ಲೇಸು ಕಟ್ಟುವ ಗಿಡ್ಡ ಶೂ ಎಂದಾಯಿತು. ಶೂಗೂ ಪ್ಯಾಂಟಿಗೂ ನಡುವಿನ ಸಂದಿಗೆ ಕ್ಯಾನ್ವಾಸಿನ ಗೇಟರ್ ಬಂತು. ಬೂಟಿನ ಕಾಲಕ್ಕೆ ಮುನ್ನುಗ್ಗಿದ ಸೇನೆ ಗೇಟರ್ ಎಲ್ಲರ ಕಾಲಿಗೂ ಬರುವ ಹೊತ್ತಿಗೆ ಹಿಮ್ಮೆಟ್ಟತೊಡಗಿತ್ತು. ಹಾಗಾಗಿ ಸಿಪಾಯಿಗಳು ಅದಕ್ಕೆ 'ಹಿಮ್ಮೆಟ್ಟುವ ಗೇಟರ್' ಎಂದೇ ಹೆಸರಿಟ್ಟರು.

ಚರ್ಮಕ್ಕೆ ಬದಲಿ ಅಟ್ಟೆ ಹುಡುಕುವ ಕೆಲಸ ನಡೆದ ಒಂದು ಜಾಗದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬರ್ಲಿನ್ನಿನ ಉತ್ತರಕ್ಕೆ ಓರಾನಿಯನ್‌ಬುರ್ಗ್‌ನ ಜಾಕ್ಸನ್‌ಹೌಸೆನ್ ಯಾತನಾ ಶಿಬಿರದಲ್ಲಿ 1940ರಲ್ಲಿ ಸುಮಾರು 700 ಮೀಟರ್ ಉದ್ದದ ಒಂದು ಸುತ್ತುದಾರಿ ಮಾಡಿದರು. ಒಂದಿಷ್ಟು ದೂರ ಕಾಂಕ್ರೀಟು, ಒಂದಿಷ್ಟು ದೂರ ಜಲ್ಲಿ, ಒಂದಿಷ್ಟು ದೂರ ಮರಳು. ಹೊಸ ಬಗೆಯ ಅಟ್ಟೆ ಎಷ್ಟು ಬಾಳುತ್ತದೆಂದು ನೋಡಲು ಕೈದಿಗಳನ್ನು ಅದರ ಮೇಲೆ ದಿನಕ್ಕೆ 40 ಕಿಲೋಮೀಟರ್‌ವರೆಗೂ ನಡೆಸುತ್ತಿದ್ದರು. ಕೊಟ್ಟ ಶೂ ಅವರ ಕಾಲಿನ ಅಳತೆಯದೇ ಆಗಿರಬೇಕೆಂಬ ನಿಯಮ ಇರಲಿಲ್ಲ. ಬಿದ್ದವರು ಮತ್ತೆ ಏಳದಿದ್ದದ್ದೂ ಉಂಟು.

ಹೆಗಲಿಗೆ, ತಲೆಗೆ, ಕೈಗೆ

ಉಳಿದ ಸಾಮಾನು ಮುಂಚೂಣಿಯವನಿಗೂ ಹಿಂಬದಿಯವನಿಗೂ ಹೆಚ್ಚುಕಡಿಮೆ ಒಂದೇ. ಸೊಂಟದ ಹಿಂದೆ ಬ್ರೆಡ್ಡಿನ ಚೀಲ, ಅದಕ್ಕೆ ತಗುಲಿಸಿದ 0.8 ಲೀಟರಿನ ಅಲ್ಯೂಮಿನಿಯಂ ನೀರಿನ ಬಾಟಲಿ, ಅದರ ಮೈಗೆ ಉಣ್ಣೆಯ ಕವಚ. ಹುರುಳಿಬೀಜದ ಆಕಾರದ ಊಟದ ಕ್ಯಾರಿಯರ್, ಮುಚ್ಚಳವೇ ತಟ್ಟೆ. 'ಟ್ಸೆಲ್ಟ್‌ಬಾನ್' ಎಂಬ ತ್ರಿಕೋನದ ದಟ್ಟ ಬಟ್ಟೆಯಂತೂ ನಮ್ಮ ಕಂಬಳಿಕೊಪ್ಪೆಯ ಜರ್ಮನ್ ದಾಯಾದಿ. ನಡುವಿನ ಸೀಳಿನಲ್ಲಿ ತಲೆ ತೂರಿಸಿದರೆ ಮಳೆಗೆ ಹೊದಿಕೆ, ನಾಲ್ಕು ಜನ ತಮ್ಮ ತಮ್ಮ ತುಂಡು ಗುಂಡಿ ಹಾಕಿ ಕೂಡಿಸಿದರೆ ಡೇರೆ. ಗಾಯಾಳುವನ್ನು ಹೊರಲು ಜೋಲಿಯಾಗುತ್ತದೆ, ಸತ್ತವನನ್ನು ಹೂಳಲು ಸುತ್ತುಬಟ್ಟೆಯಾಗುತ್ತದೆ. ಇನ್ನು ತಗಡಿನ ಗೆರೆಗೆರೆ ಡಬ್ಬಿಯಲ್ಲಿ ವಿಷಾನಿಲ ಮುಖವಾಡ. ಯುದ್ಧಭೂಮಿಯಲ್ಲಿ ವಿಷಾನಿಲ ಬರಲೇ ಇಲ್ಲ. ಅಷ್ಟು ಒಳ್ಳೆಯ, ನೀರು ಹೋಗದ ಡಬ್ಬಿಯಲ್ಲಿ ಮುಖವಾಡ ಬಿಟ್ಟು ಬೇರೇನೂ ಇಡಬಾರದೆಂಬ ಆಜ್ಞೆಯನ್ನು ಎಷ್ಟು ಜನ ಪಾಲಿಸಿದರು ಎಂದು ನೀವೇ ಊಹಿಸಿ.

ವ್ಯತ್ಯಾಸ ಕಾಣುತ್ತಿದ್ದುದು ತಲೆಯಲ್ಲಿ, ಕೈಯಲ್ಲಿ. ಮುಂಚೂಣಿಗೆ 1935ರ, ಆಮೇಲೆ 1940ರ, 1942ರ ಮಾದರಿಯ ಹೆಲ್ಮೆಟ್ಟು ಹೋದರೆ, ಎರಡನೇ ಸಾಲಿನ ಕಾವಲುಗಾರರ ತಲೆಯ ಮೇಲೆ ಮೊದಲನೇ ಯುದ್ಧದ ಹೆಲ್ಮೆಟ್ಟೇ ಒಳಪಟ್ಟಿ ಬದಲಾಯಿಸಿಕೊಂಡು ಕೂತಿರುತ್ತಿತ್ತು. ಕೈಯಲ್ಲಿ ಜರ್ಮನ್ ಸೇನೆಯ ಮಾಮೂಲಿ ಮೌಸರ್ 98ಕೆ ರೈಫಲ್ಲೇ ಇರುತ್ತದೆಂದು ನಂಬಿಕೊಳ್ಳುವಂತಿರಲಿಲ್ಲ. ಗೆದ್ದ ದೇಶಗಳ ಆಯುಧಗಳನ್ನು ಜರ್ಮನ್ನರು ಅಚ್ಚುಕಟ್ಟಾಗಿ ದಾಖಲು ಮಾಡಿ, ಹೆಸರಿನ ಕೊನೆಗೆ ಜರ್ಮನ್ ಭಾಷೆಯಲ್ಲಿ ಆ ದೇಶವನ್ನು ಕರೆಯುವ ಹೆಸರಿನ ಮೊದಲಕ್ಷರ ಸೇರಿಸಿ ಹಿಂಬದಿಗೆ ಹಂಚಿದರು. ಜೆಕ್ ರೈಫಲ್ಲಿಗೆ ಟಿ, ಫ್ರೆಂಚಿನದಕ್ಕೆ ಎಫ್, ನಾರ್ವೆಯದಕ್ಕೆ ಎನ್, ರಷ್ಯದ್ದಕ್ಕೆ ಆರ್, ಡಚ್ಚರದಕ್ಕೆ ಎಚ್.

ಕಾಗದದ ಮೇಲೆ ಇದು ಜಾಣತನ, ಉಗ್ರಾಣದ ಹವಾಲ್ದಾರನಿಗೆ ಪೀಡೆ. ಜೆಕ್ ರೈಫಲ್ಲೂ ಮೌಸರ್ ವಂಶದ್ದೇ ಆದ್ದರಿಂದ ಅದಕ್ಕೆ ಜರ್ಮನ್ ತೋಟಾ ಹೊಂದುತ್ತಿತ್ತು, ತೊಂದರೆಯಿಲ್ಲ. ಫ್ರೆಂಚರ ಲೆಬೆಲ್‌ಗೆ ಅದು ನಡೆಯುವುದಿಲ್ಲ. ನಾರ್ವೆಯದಕ್ಕೆ ಬೇರೆ, ಡಚ್ಚರದಕ್ಕೆ ಇನ್ನೊಂದು, ರಷ್ಯದ್ದಕ್ಕೆ ಮತ್ತೊಂದು. ಹೊಂದದ ತೋಟಾ ಬಂದ ದಿನ ಆ ರೈಫಲ್ಲಿಗೂ ದೊಣ್ಣೆಗೂ ವ್ಯತ್ಯಾಸವಿರಲಿಲ್ಲ. ಲಾರಿಗಳದ್ದೂ ಇದೇ ಕತೆ. ಫ್ರಾನ್ಸಿನಲ್ಲಿ ಸಿಕ್ಕ ಲಾರಿಗೆ ರಷ್ಯದ ಬಯಲಿನಲ್ಲಿ ಬಿಡಿಭಾಗ ಎಲ್ಲಿಂದ ತರುವುದು? ಇನ್ನು 1941ರಲ್ಲಿ ರಷ್ಯದೊಳಗೆ ನುಗ್ಗಿದ ಆ 'ಯಂತ್ರೀಕೃತ' ಸೇನೆಯ ಜೊತೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳು ಹೊರಟಿದ್ದವು. ಅವುಗಳ ಗಾಡಿ ಹೊಡೆಯುವವರಿಗೆ ಮಾತ್ರ ಸವಾರರ ಪ್ಯಾಂಟು ಸಿಕ್ಕಿತು, ಕೂರುವ ಜಾಗಕ್ಕೆ ಚರ್ಮ ಹೊಲಿದದ್ದು. ಹಿಂಬದಿಯವರಿಗೆ ಸಿಕ್ಕ ಅಪರೂಪದ ಭಾಗ್ಯ.

ಭುಜಪಟ್ಟಿಯ ಅಂಚಿನ ಬಣ್ಣ ನೋಡಿದರೆ ಯಾರು ಯಾವ ಕೆಲಸದವನೆಂದು ದೂರದಿಂದಲೇ ತಿಳಿಯುತ್ತಿತ್ತು. ಬಿಳಿಯಾದರೆ ಕಾಲಾಳು, ಕೆಂಪಾದರೆ ಫಿರಂಗಿ ದಳ, ತಿಳಿನೀಲಿಯಾದರೆ ಸಾಗಣೆ, ಕಡುನೀಲಿಯಾದರೆ ವೈದ್ಯಕೀಯ. ಕಿತ್ತಳೆ ಕಂಡರೆ ಸೇನಾ ಪೊಲೀಸ್. ಆತ ಕೊರಳಿಗೆ ಸರಪಳಿಯಲ್ಲಿ ಅರ್ಧಚಂದ್ರಾಕಾರದ ತಗಡಿನ ಫಲಕ ತೂಗಿಸಿಕೊಂಡಿರುತ್ತಿದ್ದ. ಅದರ ಅಕ್ಷರಗಳು ಕತ್ತಲಲ್ಲೂ ಹೊಳೆಯುತ್ತಿದ್ದವು. ಸಿಪಾಯಿಗಳು ಅವನಿಗೆ ಇಟ್ಟ ಹೆಸರು ಸರಪಳಿ ನಾಯಿ.

ಇದೇ ಬೂದುಹಸಿರಿನಲ್ಲಿ ನಮ್ಮವರೂ ಇದ್ದರು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಬ್ರಿಟಿಷ್ ಇಂಡಿಯನ್ ಸೇನೆಯ ಸಿಪಾಯಿಗಳಿಂದ ಸುಭಾಷ್ ಚಂದ್ರ ಬೋಸರ ಪ್ರಯತ್ನದಿಂದ ಕಟ್ಟಿದ ಭಾರತೀಯ ಲೀಜನ್, ಜರ್ಮನ್ ದಾಖಲೆಯಲ್ಲಿ 950ನೇ ಕಾಲಾಳು ರೆಜಿಮೆಂಟು. ಜರ್ಮನ್ ಮೇಲಂಗಿಯೇ, ಜರ್ಮನ್ ಬೆಲ್ಟೇ. ತೋಳಿನ ಮೇಲೆ ಮಾತ್ರ ಕೇಸರಿ, ಬಿಳಿ, ಹಸಿರಿನ ಫಲಕ, ಅದರಲ್ಲಿ ನೆಗೆಯುವ ಹುಲಿ. ಸಿಖ್ಖರು ಪೇಟವನ್ನೇ ಕಟ್ಟಿದರು. 1943ರಲ್ಲಿ ಇವರನ್ನು ನೆದರ್ಲೆಂಡ್ಸ್ ಕರಾವಳಿಗೆ, ಆಮೇಲೆ ಫ್ರಾನ್ಸಿನಲ್ಲಿ ಬೋರ್ದೋ ಹತ್ತಿರದ ಲಕಾನೋ ಕಡಲ ದಂಡೆಗೆ ಕಾವಲಿಗೆ ಹಾಕಿದರು. ಅಂದರೆ ಯುದ್ಧದ ಬಹುಭಾಗ ಇವರದೂ ಹಿಂಬದಿಯ ಕೆಲಸವೇ, ಗಾಳಿಗೆ ಮೈಯೊಡ್ಡಿ ಖಾಲಿ ಸಮುದ್ರ ಕಾಯುವುದು.

ಹುಲ್ಲಿನ ಬೂಟು

1941ರ ಚಳಿಗಾಲದಲ್ಲಿ ಜರ್ಮನ್ ಸೇನೆಗೆ ಬೆಚ್ಚನೆಯ ಬಟ್ಟೆ ಇರಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಪೂರ್ತಿ ಇರಲಿಲ್ಲವೆಂದಲ್ಲ. ಚಳಿಗೆ ಮುಂಚೆ ಯುದ್ಧ ಮುಗಿಯುತ್ತದೆ, ಉಳಿಯುವ ಕಾವಲು ಪಡೆಗೆ ಸಾಕಾಗುವಷ್ಟು ಸಾಕು ಎಂಬ ಲೆಕ್ಕದಲ್ಲಿ ಸಿದ್ಧತೆ ನಡೆದಿತ್ತು. ಇದ್ದದ್ದೂ ಮುಂದಕ್ಕೆ ಹೋಗಲಿಲ್ಲ. ರಷ್ಯದ ರೈಲು ಹಳಿ 1524 ಮಿಲಿಮೀಟರ್ ಅಗಲ, ಜರ್ಮನ್ನರದು 1435. ಹಳಿ ಕಿತ್ತು ಕೂಡಿಸುತ್ತಾ ಹೋದ ದಾರಿಯಲ್ಲಿ ದಿನಕ್ಕೆ ಬರುವ ಕೆಲವೇ ರೈಲುಗಳಲ್ಲಿ ಮದ್ದುಗುಂಡು ಹಾಕುವುದೋ, ಪೆಟ್ರೋಲು ಹಾಕುವುದೋ, ಕೋಟು ಹಾಕುವುದೋ? ಕೋಟು ಹಿಂದೆ ಉಳಿಯಿತು. ಡಿಸೆಂಬರ್‌ನಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ರೇಡಿಯೋದಲ್ಲಿ ಮನೆಮನೆಯ ತುಪ್ಪಳದ ಕೋಟು, ಕಾಲುಚೀಲ, ಕೈಗವುಸು ಕೇಳಬೇಕಾಯಿತು. ಆ ಚಳಿಗಾಲ ಕಳೆದು ಬದುಕಿದವರಿಗೆ ಒಂದು ಪದಕ ಕೊಟ್ಟರು. ಸಿಪಾಯಿಗಳು ಅದನ್ನು 'ಹೆಪ್ಪುಗಟ್ಟಿದ ಮಾಂಸದ ಪದಕ' ಎಂದರು.

ಮೊಳೆ ಹೊಡೆದ ಬೂಟು ಹಿಮದಲ್ಲಿ ಶತ್ರುವಿಗಿಂತ ಕಡೆ. ಒಂದೊಂದು ಮೊಳೆಯೂ ನೆಲದ ತಣ್ಣನೆಯನ್ನು ಪಾದಕ್ಕೆ ಹತ್ತಿಸುತ್ತದೆ. ಬೂಟು ಕಾಲಿಗೆ ಸರಿಯಾಗಿದ್ದಷ್ಟೂ ಒಳಗೆ ಇನ್ನೊಂದು ಬಟ್ಟೆ ತುರುಕಲು ಜಾಗವಿಲ್ಲ. ನಡೆಯುವವನಿಗಾದರೂ ರಕ್ತ ಓಡುತ್ತದೆ, ಸೇತುವೆ ಕಾಯುವವನು ನಿಂತಲ್ಲೇ ನಿಲ್ಲಬೇಕು. ಅವನಿಗೆಂದೇ ಎರಡು ಸಾಮಾನು ಇದ್ದವು. ಒಂದು, ಬೂಟಿನ ತುದಿ ತನಕ ಬರುವ, ಒಳಗೆ ತುಪ್ಪಳ ಹಾಕಿದ ಕಾವಲು ಕೋಟು. ಇನ್ನೊಂದು, ಬೂಟಿನ ಮೇಲೇ ಹಾಕಿಕೊಳ್ಳುವ ಹುಲ್ಲಿನ ಬೂಟು. ಒಣಹುಲ್ಲನ್ನು ಜಡೆಯಂತೆ ಹೆಣೆದು, ಸುತ್ತಿಸುತ್ತಿ ಹೊಲಿದು ಮಾಡಿದ ದಪ್ಪನೆಯ ದೋಣಿಯಂಥದ್ದು. ಅದರಲ್ಲಿ ನಡೆದರೆ ಬಾತುಕೋಳಿ ನಡೆದಂತೆ, ಓಡುವುದಂತೂ ಆಗದ ಮಾತು. ಇವು ಯಾರೊಬ್ಬನ ಪುಸ್ತಕದಲ್ಲೂ ದಾಖಲಾಗದ, ಕಾವಲಿನ ಜಾಗಕ್ಕೇ ಸೇರಿದ ಸಾಮಾನು. ಪಾಳಿ ಮುಗಿದವನು ಬಿಚ್ಚುತ್ತಾನೆ, ಪಾಳಿಗೆ ಬಂದವನು ಆ ಬಿಸಿಯಲ್ಲೇ ಕಾಲಿಡುತ್ತಾನೆ.

ಈ ಹುಲ್ಲಿನ ಬೂಟು ಹೆಣೆದ ಜಾಗಗಳಲ್ಲಿ ಒಂದು ಪೋಲೆಂಡಿನ ಲೋಡ್ಜ್ ನಗರದ ಯಹೂದಿ ಘೆಟ್ಟೊ, ಎಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ. 1940ರ ಏಪ್ರಿಲ್ ಕೊನೆಗೆ ಬೇಲಿ ಹಾಕಿ ಮುಚ್ಚಿದ ಆ ಘೆಟ್ಟೊವನ್ನು ನಾಜಿಗಳು ಕಾರ್ಖಾನೆಯಾಗಿ ಮಾಡಿಕೊಂಡಿದ್ದರು. ಸೇನೆಗೆ ಸಮವಸ್ತ್ರ ಹೊಲಿಯುವ ಟೈಲರ್ ವಿಭಾಗ, ಚರ್ಮದ ವಿಭಾಗ, ಹುಲ್ಲಿನ ಬೂಟಿನದೇ ಒಂದು ವಿಭಾಗ. ಕೂಲಿ ಎಂದರೆ ನೀರುನೀರಾದ ಸೂಪು, ಒಂದು ತುಂಡು ಬ್ರೆಡ್ಡು. ಹುಲ್ಲು ಹೆಣೆದ ಕೈಗಳಲ್ಲಿ ಮಕ್ಕಳದೂ ಇದ್ದವು. 1944ರ ಆಗಸ್ಟ್‌ನಲ್ಲಿ ಉಳಿದವರನ್ನೂ ರೈಲಿಗೆ ತುಂಬಿ ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಕಳುಹಿಸಿದರು.

ಆ ಬೂಟು ತೊಟ್ಟು ನಿಂತವನೂ ಬರೀ ಸೇತುವೆ ಕಾಯುವ ಅಮಾಯಕ ಮುದುಕ ಎಂದುಕೊಳ್ಳುವಂತಿಲ್ಲ. ರಷ್ಯದ ದಂಡಯಾತ್ರೆಗೆ ಹಿಂಬದಿಯನ್ನು ಹತೋಟಿಯಲ್ಲಿಡಲು ಒಂಬತ್ತು ಭದ್ರತಾ ಡಿವಿಷನ್‌ಗಳನ್ನು ಕಟ್ಟಿದ್ದರು. ಹಳೆಯ ಆಯುಧ, ವಯಸ್ಸಾದ ಸಿಪಾಯಿಗಳು. ಅವುಗಳಲ್ಲೊಂದಾದ 221ನೇ ಡಿವಿಷನ್ನಿನ ಅಧೀನದಲ್ಲಿದ್ದ 309ನೇ ಪೊಲೀಸ್ ಬೆಟಾಲಿಯನ್, ಪೊಲೀಸರ ಹಸಿರು ಸಮವಸ್ತ್ರದಲ್ಲಿ, 1941ರ ಜೂನ್ 27ರಂದು ಈಗಿನ ಪೋಲೆಂಡಿನ ಬಿಯಾಲಿಸ್ಟೋಕ್‌ನ ದೊಡ್ಡ ಸಿನಗಾಗಿನೊಳಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ನೂರಾರು ಯಹೂದಿಗಳನ್ನು ತುಂಬಿ ಬೆಂಕಿ ಹಚ್ಚಿತು. ಮುಂಚೂಣಿ ಆಗಲೇ ಪೂರ್ವಕ್ಕೆ ದಾಟಿಹೋಗಿತ್ತು. ಈ ಯುದ್ಧದಲ್ಲಿ ನಿರಾಯುಧರ ಕೊಲೆಯ ದೊಡ್ಡ ಪಾಲು ಹಿಂಬದಿಯಲ್ಲೇ ನಡೆಯಿತು. ಅದಕ್ಕೆ ಹೊಸ ಮಾದರಿಯ ಆಯುಧ ಬೇಕಿರಲಿಲ್ಲ.

ಹಿಂಬದಿಯೇ ಇಲ್ಲವಾದಾಗ

1942ರಿಂದ ವಾಲ್ಟರ್ ಫೊನ್ ಉನ್ರೂ ಎಂಬ ಜನರಲ್ಲನಿಗೆ ಒಂದು ಕೆಲಸ ಅಂಟಿತು. ಹಿಂಬದಿಯ ಕಚೇರಿ, ಉಗ್ರಾಣಗಳನ್ನು ಜಾಲಾಡಿ, ಕೈಕಾಲು ಗಟ್ಟಿಯಿರುವವರನ್ನು ಹೆಕ್ಕಿ ಮುಂಚೂಣಿಗೆ ಅಟ್ಟುವುದು. ಸಿಪಾಯಿಗಳು ಅವನಿಗೆ 'ಹೆಲ್ಡೆನ್‌ಕ್ಲಾವ್', ವೀರರನ್ನು ಕದಿಯುವವ ಎಂದು ಹೆಸರಿಟ್ಟರು. ಅವನು ಬರುತ್ತಾನೆಂದರೆ ಕಚೇರಿಗಳಲ್ಲಿ ಬೆನ್ನುನೋವು, ಮಂಡಿನೋವು ಹೆಚ್ಚುತ್ತಿದ್ದಿರಬೇಕು. ಖಾಲಿಯಾದ ಕುರ್ಚಿಗಳಿಗೆ ಹೆಂಗಸರು ಬಂದರು. ಟೆಲಿಫೋನು, ಟೆಲಿಗ್ರಾಫಿನ ಸಹಾಯಕಿಯರಿಗೆ ಬೂದು ಕೋಟು, ಲಂಗ, ತೋಳಿನ ಮೇಲೆ ಮಿಂಚಿನ ಚಿಹ್ನೆ. ಜನ ಅವರನ್ನು 'ಮಿಂಚಿನ ಹುಡುಗಿಯರು' ಎಂದರು. ಪೂರ್ವದಲ್ಲಿ ಗಾಡಿ ಹೊಡೆಯಲು, ಸೌದೆ ಒಡೆಯಲು ಸೋವಿಯತ್ ಸೆರೆಯಾಳುಗಳೇ ಸಹಾಯಕರಾದರು. ತೊಟ್ಟದ್ದು ಎಷ್ಟೋ ಸಲ ತಮ್ಮ ಹಳೆಯ ಸಮವಸ್ತ್ರವನ್ನೇ, ತೋಳಿಗೆ ಜರ್ಮನ್ ಸೇನೆಯ ಸೇವೆಯಲ್ಲಿದ್ದೇನೆ ಎಂಬ ಒಂದು ಬಿಳಿ ಪಟ್ಟಿ ಅಷ್ಟೇ.

1944ರ ಅಕ್ಟೋಬರ್‌ನಲ್ಲಿ 16ರಿಂದ 60ರವರೆಗಿನ ಗಂಡಸರನ್ನೆಲ್ಲ 'ಫೋಲ್ಕ್ಸ್‌ಸ್ಟುರ್ಮ್' ಎಂಬ ಪಡೆಗೆ ಕರೆದರು. ಕೊಡಲು ಬಟ್ಟೆ ಇರಲಿಲ್ಲ. ಮನೆಯ ಕೋಟಿನ ಮೇಲೆ ಒಂದು ತೋಳುಪಟ್ಟಿ, ಅದೇ ಸಮವಸ್ತ್ರ. 1945ರ ಜನವರಿಯಲ್ಲಿ ಮತ್ತೊಮ್ಮೆ ಮನೆಮನೆಯಿಂದ ಬಟ್ಟೆ, ಬೂಟು, ಬೆನ್ನುಚೀಲ ಎತ್ತಿದರು. ಆ ರಾಶಿಯಿಂದ ಕದ್ದವನಿಗೆ ಮರಣದಂಡನೆ ಎಂದು ಹಿಟ್ಲರ್ ಆಜ್ಞೆ ಹೊರಡಿಸಿದ. ಹಿಂಬದಿ ಎನ್ನುವ ಜಾಗವೇ ಆಗ ನಕ್ಷೆಯಲ್ಲಿ ಉಳಿದಿರಲಿಲ್ಲ.

ಶರಣಾದ ಮೇಲೆ ಸಾಮಾನು ಮಾತ್ರ ರಾಶಿ ರಾಶಿ ಉಳಿಯಿತು. ಸಮವಸ್ತ್ರ ತೊಡಬಾರದೆಂದು ಗೆದ್ದವರ ನಿಯಮ, ತೊಡಲು ಬೇರೆ ಬಟ್ಟೆ ಇಲ್ಲ. ಜನ ಫೆಲ್ಡ್‌ಗ್ರಾವ್ ಅಂಗಿಯ ಹದ್ದಿನ ಲಾಂಛನ ಕಿತ್ತು, ಹಂಡೆಯಲ್ಲಿ ಬಣ್ಣ ಕಾಸಿ ಅದ್ದಿ, ಕಂದೋ ಕಪ್ಪೋ ಮಾಡಿ ತೊಟ್ಟರು. ಮುಖವಾಡದ ಡಬ್ಬಿ ಹಾಲಿನ ಕ್ಯಾನಾಯಿತು. ಹೆಲ್ಮೆಟ್ಟುಗಳನ್ನು ಕಾರ್ಖಾನೆಗಳು ಸಗಟಾಗಿ ತೆಗೆದುಕೊಂಡವು. ಅಂಚು ತಿದ್ದಿ, ಮೈ ತುಂಬ ಸಣ್ಣ ಸಣ್ಣ ತೂತು ಕೊರೆದು, ಎರಡು ಹಿಡಿ ಕೂಡಿಸಿ ಮಾರಿದವು. ಅಂಥ ಜರಡಿಗಳು ಇವತ್ತಿಗೂ ಜರ್ಮನಿಯ ಮ್ಯೂಸಿಯಮ್ಮುಗಳಲ್ಲಿವೆ. ಬೋರಲು ಹಾಕಿದರೆ ಹೆಲ್ಮೆಟ್ಟಿನ ಆಕಾರ ಹಾಗೇ ಕಾಣುತ್ತದೆ, ಅಂಗಾತ ಇಟ್ಟರೆ ಬೇಯಿಸಿದ ಆಲೂಗಡ್ಡೆಯ ನೀರು ಬಸಿಯಬಹುದು.